ನಾಮಿನಿಯ ಕೈ, ವಾರಸುದಾರನ ಹಕ್ಕು

ಈಚೆಗೆ ನಮ್ಮ ಭಾಷೆಯಲ್ಲಿ ಬೇರೂರಿರುವ ಪರಭಾಷೆಯ ಮಾತುಗಳಲ್ಲಿ ‘ನಾಮಿನಿ’ ಎಂಬುದೊಂದು. ಕಾಮಿನಿ, ಭಾಮಿನಿ, ಯಾಮಿನಿಯರ ಸಾಲಿನಲ್ಲಿ ನಿಲ್ಲಿಸಿದರೆ ಅವಳು ಹೊರಗಿನವಳೆಂದು ಯಾರಿಗೂ ತೋರದು. ಸರ್ಕಾರಿ ಕನ್ನಡದ ‘ನಾಮನಿರ್ದೇಶಿತ ವ್ಯಕ್ತಿ’ಯು ಅವಳ ಮುಂದೆ ತಲೆಯೆತ್ತಲಾರದೆ ಹೋಗಿದ್ದಾನೆ. ಬ್ಯಾಂಕಿನಲ್ಲಿ ಉಳಿತಾಯದ ಖಾತೆ ತೆರೆಯಲು ಬಂದ ಹಳ್ಳಿಯ ಹೆಂಗಸೂ “ನಾಮಿನಿ ಅಂತ ಮಗನ ಹೆಸರು ಬರ್ಕೊಳಿ” ಎಂದು ನಿಸ್ಸಂಕೋಚವಾಗಿ ಹೇಳುತ್ತಾಳೆ. ಮಾತು ಹೀಗೆ ಮನೆಮಾತಾಗಿದ್ದರೂ ಅದರ ಅರ್ಥವು ಮಾತ್ರ ನಮ್ಮ ಮನೆಗಳ ಹೊಸ್ತಿಲನ್ನು ಇನ್ನೂ ದಾಟಿಲ್ಲ.

ಇದನ್ನು ನೆನಪಿಗೆ ತರುವ ಸಂಗತಿಗಳು 2025ನೆಯ ಇಸವಿಯ ಕೊನೆಯ ಎರಡು ತಿಂಗಳುಗಳಲ್ಲಿ ಒಂದರ ಬೆನ್ನಿಗೊಂದರಂತೆ ನಡೆದವು. ನವೆಂಬರ್ 1ರಿಂದ ಬ್ಯಾಂಕಿನ ಠೇವಣಿಯೊಂದಕ್ಕೆ ಒಬ್ಬರನ್ನೇ ಅಲ್ಲದೆ ನಾಲ್ವರವರೆಗೆ ನಾಮಿನಿಗಳನ್ನು ಬರೆಯಲು ಅವಕಾಶವಾಯಿತು. ಅದೇ ತಿಂಗಳ 21ರಂದು ಸಾಮಾಜಿಕ ಭದ್ರತೆಯ ಸಂಹಿತೆಯು ಜಾರಿಗೆ ಬಂದು, 1952ರ ಪ್ರಾವಿಡೆಂಟ್ ಫಂಡ್ ಕಾಯಿದೆ, 1972ರ ಗ್ರಾಚ್ಯುಯಿಟಿ ಕಾಯಿದೆ ಮೊದಲಾದವುಗಳ ಸ್ಥಾನವನ್ನು ವಹಿಸಿತು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು, ಒಬ್ಬ ತಾಯಿಗೂ ಅವಳ ಸೊಸೆಗೂ ನಡುವೆ ನಡೆದಿದ್ದ ವ್ಯಾಜ್ಯವೊಂದರಲ್ಲಿ ತೀರ್ಪು ನೀಡಿತು. ಮೊದಲೆರಡು ಸುದ್ದಿಗಳನ್ನು ಪತ್ರಿಕೆಗಳು ಸಾಕಷ್ಟು ವಿಸ್ತಾರವಾಗಿಯೇ ಕೊಟ್ಟವು. ಮೂರನೆಯದು ಹೆಚ್ಚಿನ ಗಮನಕ್ಕೆ ಅರ್ಹವಾಗಿತ್ತೆಂದು ನನ್ನ ಎಣಿಕೆ.

ನಾನು ವಕೀಲನಲ್ಲ, ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಆದರೆ ಅರ್ಜಿಯ ಭಾಷೆ ಅರ್ಥವಾಗದವರು ಭಾಷೆಯ ಮೇಷ್ಟರನ್ನು ಹುಡುಕಿಕೊಂಡು ಬರುವುದುಂಟು. ಇಪ್ಪತ್ತು ವರ್ಷಗಳಲ್ಲಿ ನಾನು ಓದಿ ಹೇಳಿದ ಅರ್ಜಿಗಳು ನಾನು ತಿದ್ದಿದ ಪ್ರಬಂಧಗಳಿಗಿಂತ ಬಹಳ ಕಡಮೆಯೇನಲ್ಲ. ಅವುಗಳಲ್ಲಿ ಹೆಚ್ಚಿನವು ಸತ್ತವರ ಹಣಕ್ಕೆ ಸಂಬಂಧಪಟ್ಟವು.

ನಮ್ಮಲ್ಲಿ ಒಬ್ಬ ತರುಣನು ಕೆಲಸಕ್ಕೆ ಸೇರಿದ ದಿನ ಅವನ ಮುಂದೆ ಹತ್ತು ಕಾಗದಗಳನ್ನಿಟ್ಟು ಸಹಿ ಹಾಕಿಸುತ್ತಾರೆ. ಈಗ ಕಂಪ್ಯೂಟರಿನ ಪರದೆಯ ಮೇಲೆ ಹಾಕಿಸುವುದೂ ಉಂಟು. ಆ ಹತ್ತರಲ್ಲಿ ಒಂದು ಪ್ರಾವಿಡೆಂಟ್ ಫಂಡಿನ ನಾಮಿನಿಯ ಫಾರಂ. ಇಪ್ಪತ್ತಮೂರರ ವಯಸ್ಸಿನವನಿಗೆ ತಾನು ಸಾಯುವೆನೆಂಬುದರಲ್ಲಿ ನಂಬಿಕೆಯಿರುವುದಿಲ್ಲ, ಇರಲೂ ಬೇಕಾಗಿಲ್ಲ. ಅವನು ತಾಯಿಯ ಹೆಸರನ್ನು ಬರೆಯುತ್ತಾನೆ. ಅದು ಆ ದಿನದ ಮಟ್ಟಿಗೆ ನ್ಯಾಯವಾದ ಬರಹವೇ. ಅನಂತರ ತಿಂಗಳು ತಿಂಗಳೂ ಅವನ ಸಂಬಳದಿಂದ ನೂರಕ್ಕೆ ಹನ್ನೆರಡರಂತೆ ಕಡಿತವಾಗುತ್ತದೆ, ಮಾಲೀಕನೂ ಹನ್ನೆರಡರಂತೆ ಹಾಕುತ್ತಾನೆ. ಮಾಲೀಕನ ಪಾಲಿನಲ್ಲಿ ಒಂದು ಭಾಗ ಪಿಂಚಣಿಯ ನಿಧಿಗೆ ಹೋಗಿ, ಉಳಿದದ್ದು ಬಡ್ಡಿಯೊಡನೆ ಬೆಳೆಯುತ್ತದೆ. ಮೂವತ್ತು ವರ್ಷ ದುಡಿದ ಸಾಧಾರಣ ನೌಕರನ ಸಂಸಾರದಲ್ಲಿ, ವಾಸದ ಮನೆಯೊಂದಿದ್ದರೆ ಅದನ್ನು ಬಿಟ್ಟು, ಇದಕ್ಕಿಂತ ದೊಡ್ಡ ಗಂಟು ಇನ್ನೊಂದಿರುವುದಿಲ್ಲ. ಆ ಗಂಟಿನ ಮೇಲೆ ಬರೆದ ಹೆಸರನ್ನು ಮೊದಲ ದಿನದ ನಂತರ ಅವನು ತಿರುಗಿ ನೋಡಿರುವುದಿಲ್ಲ.

ಡಿಸೆಂಬರ್‌ನ ತೀರ್ಪು ಇಂಥದೇ ಒಂದು ಫಾರಂ ಕುರಿತದ್ದು. ಸೇನೆಯ ಲೆಕ್ಕಪತ್ರ ಇಲಾಖೆಯ ನೌಕರನೊಬ್ಬ 2000ದಲ್ಲಿ ಕೆಲಸಕ್ಕೆ ಸೇರಿ, ತನ್ನ ಜನರಲ್ ಪ್ರಾವಿಡೆಂಟ್ ಫಂಡಿಗೆ ತಾಯಿಯನ್ನು ನಾಮಿನಿಯಾಗಿ ಬರೆದ. 2003ರಲ್ಲಿ ಮದುವೆಯಾಯಿತು. ಬೇರೆ ಕೆಲವು ಹಣಗಳಿಗೆ ಹೆಂಡತಿಯ ಹೆಸರನ್ನು ಬರೆಸಿದವನು ಇದೊಂದನ್ನು ಬದಲಿಸದೆ ಹಾಗೆಯೇ ಬಿಟ್ಟ. 2021ರಲ್ಲಿ ತೀರಿಕೊಂಡ. ತಾಯಿ, ‘ನನ್ನ ಹೆಸರಿದೆ, ಹಣ ನನ್ನದು’ ಎಂದಳು. ಹೆಂಡತಿ, ‘ನಾನಿದ್ದೇನೆ, ನನ್ನದೂ ಪಾಲಿದೆ’ ಎಂದಳು. ಸಂಸಾರವಂತನಾದ ಕೂಡಲೆ ಈ ನಾಮನಿರ್ದೇಶನವು ರದ್ದಾಗತಕ್ಕದ್ದೆಂದು ಆ ಫಾರಂನಲ್ಲಿಯೇ ಕಾಣಿಸಿತ್ತು. ಸಹಿ ಹಾಕಿದವನು ಅದನ್ನು ಓದಿದ್ದನೋ ಇಲ್ಲವೋ ದೇವರೇ ಬಲ್ಲ. ಸುಪ್ರೀಂ ಕೋರ್ಟು ಅತ್ತೆಗೂ ಸೊಸೆಗೂ ಸಮಪಾಲಾಗಿ ಹಂಚಿತು.

ಇದು ಹೊಸ ತತ್ವವಲ್ಲ. ನಲವತ್ತು ವರ್ಷಗಳಷ್ಟು ಹಿಂದೆ, 1983ರ ಡಿಸೆಂಬರ್‌ನಲ್ಲಿ, ಜೀವವಿಮೆಯ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ನಾಮಿನಿಯೆಂದರೆ ಹಣವನ್ನು ಪಡೆದುಕೊಳ್ಳಲು ಅಧಿಕಾರವುಳ್ಳ ಒಂದು ಕೈ ಮಾತ್ರ, ಒಡೆತನವು ವಾರಸಿನ ಕಾನೂನಿನಂತೆ ಹೋಗತಕ್ಕದ್ದೆಂದು ನಿರ್ಣಯಿಸಿತ್ತು. ಅಲ್ಲಿ ನಾಮಿನಿಯಾಗಿದ್ದವಳು ಹೆಂಡತಿ. ಪಾಲು ಕೇಳಿ ಬಂದವರು ಗಂಡನ ತಾಯಿಯೂ ಮಗನೂ. 2009ರಲ್ಲಿ ಪಾತ್ರಗಳು ಅದಲುಬದಲಾದವು: ಬ್ಯಾಂಕಿನ ನೌಕರನೊಬ್ಬ ಮದುವೆಗೆ ಮುನ್ನ ತಾಯಿಯನ್ನು ನಾಮಿನಿ ಮಾಡಿದ್ದ, ಅವನ ವಿಧವೆ ಅರ್ಧ ಪಾಲನ್ನು ಗೆದ್ದಳು. ಹೀಗೆ ಒಮ್ಮೆ ತಾಯಿ ಸೊಸೆಯಿಂದ, ಒಮ್ಮೆ ಸೊಸೆ ತಾಯಿಯಿಂದ ತಮ್ಮ ತಮ್ಮ ಭಾಗಗಳನ್ನು ಬಿಡಿಸಿಕೊಂಡಿದ್ದಾರೆ. ಒಂದು ಸಾರಿಯೂ ಹೆಸರಿದ್ದವರಿಗೆ ಪೂರ್ತಿ ದಕ್ಕಲಿಲ್ಲ. ಕನ್ನಡದಲ್ಲಿ ‘ನಾಮ ಹಾಕುವುದು’ ಎಂಬ ನುಡಿಗಟ್ಟಿಗೆ ಇರುವ ಅರ್ಥವನ್ನು ನೆನೆದರೆ, ಹೆಸರೊಂದನ್ನೇ ನಂಬಿ ಕುಳಿತ ನಾಮಿನಿಯ ಪಾಡು ಏನೆಂದು ತಿಳಿಯುತ್ತದೆ.

ಕೈಗೂ ಹಕ್ಕಿಗೂ ಇರುವ ಈ ಅಂತರ ನಮಗೆ ವಿಚಿತ್ರವಾಗಿ ಕಾಣುವುದೇಕೆ? ನಮ್ಮ ಹಿಂದಿನವರು ಆಸ್ತಿಯ ವಿಚಾರದಲ್ಲಿ ಹೆಸರು ಬರೆದಿಡುವ ಕ್ರಮವನ್ನೇ ಹೆಚ್ಚಾಗಿ ಅರಿಯರು. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವೊಂದನ್ನು ಬಿಟ್ಟರೆ ಭರತಖಂಡದ ಹೆಚ್ಚಿನ ಭಾಗದ ಹಿಂದೂ ಮನೆತನಗಳ ಆಸ್ತಿಯು ಎಂಟು ನೂರು ವರ್ಷಗಳಿಗೂ ಮಿಕ್ಕಿ ಕನ್ನಡ ನಾಡಿನಲ್ಲಿ ಹುಟ್ಟಿದ ಈ ಗ್ರಂಥದ ಪ್ರಕಾರ ಕೈ ಬದಲಾಯಿಸಿತು. ಒಡೆಯನೊಡನೆ ಇರುವ ಸಂಬಂಧವೊಂದರ ಕಾರಣದಿಂದಲೇ ಬೇರೊಬ್ಬನ ಸ್ವತ್ತಾಗುವ ಧನವು ‘ದಾಯ’ವೆಂದು ಅವನು ಅರ್ಥ ಹೇಳುತ್ತಾನೆ. ಅಲ್ಲಿ ಸಂಬಂಧವೇ ಎಲ್ಲವೂ, ಕಾಗದಕ್ಕೆ ಎಡೆಯಿಲ್ಲ. ದಾಯಕ್ಕೆ ಅರ್ಹನಾದವನು ದಾಯಾದಿ. ಆ ಒಳ್ಳೆಯ ಮಾತು ಕನ್ನಡದಲ್ಲಿ ಹಗೆಯೆಂಬ ಅರ್ಥಕ್ಕೆ ಇಳಿದದ್ದು ನಮ್ಮ ಕೋರ್ಟುಗಳ ಚರಿತ್ರೆಯನ್ನೇ ಹೇಳುತ್ತದೆ.

ಮಗನಿಲ್ಲದೆ ಸತ್ತವನ ಧನ ಯಾರಿಗೆ ಎಂಬಲ್ಲಿ ಸ್ಮೃತಿಯು ಮೊದಲು ಪತ್ನಿ, ಅನಂತರ ಹೆಣ್ಣುಮಕ್ಕಳು, ಆಮೇಲೆ ತಂದೆತಾಯಿಗಳು ಎಂದು ಅನುಕ್ರಮ ಕೊಡುತ್ತದೆ. ‘ಪಿತರೌ’ ಎಂಬ ದ್ವಿವಚನದಲ್ಲಿ ತಂದೆ ಮೊದಲೋ ತಾಯಿ ಮೊದಲೋ ಎಂಬ ಪ್ರಶ್ನೆ ಬಂದಾಗ ವಿಜ್ಞಾನೇಶ್ವರನು ಸಮಾಸವನ್ನು ಬಿಡಿಸಿ ತೋರಿಸಿ, ತಾಯಿಯೇ ಮೊದಲೆನ್ನುತ್ತಾನೆ. ತಂದೆಯು ಬೇರೆ ಹೆಂಡಿರ ಮಕ್ಕಳಿಗೂ ತಂದೆ, ತಾಯಿಯಾದರೋ ಇವನಿಗೇ ತಾಯಿ. ಆದ್ದರಿಂದ ಅವಳು ಹತ್ತಿರದವಳು ಎಂಬುದು ಅವನ ಇನ್ನೊಂದು ಯುಕ್ತಿ. ವ್ಯಾಕರಣದಿಂದ ಯಾರಿಗೆ ಏನು ಲಾಭವೆಂದು ಕೇಳುವ ನನ್ನ ವಿದ್ಯಾರ್ಥಿಗಳಿಗೆ ನಾನು ಈ ಉದಾಹರಣೆಯನ್ನು ಕೊಡುತ್ತಿರುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಈ ಅನುಕ್ರಮವನ್ನು ಮುರಿದು, ಮಗ, ಮಗಳು, ವಿಧವೆ, ತಾಯಿ ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿತು; ತಂದೆಯನ್ನು ಎರಡನೆಯ ವರ್ಗಕ್ಕೆ ಕಳಿಸಿತು. ಡಿಸೆಂಬರ್‌ನ ವ್ಯಾಜ್ಯದಲ್ಲಿ ಅತ್ತೆ ಸೊಸೆಯರಿಗೆ ಬಂದ ಸಮಪಾಲು ಈ ಪಂಕ್ತಿಗೆ ಒಪ್ಪುವಂಥದೇ.

ಇಲ್ಲಿಯವರೆಗಿನ ಮಾತು ತಾಯಿ ಹೆಂಡತಿಯರದಾಯಿತು. ಇಬ್ಬರಿಗೂ ಕಾನೂನಿನಲ್ಲಿ ಬಲವಾದ ಆಸರೆಯಿದೆ; ಜಗಳವೇನಿದ್ದರೂ ಎಷ್ಟೆಂಬುದರಲ್ಲಿ. ನನ್ನ ಕಳವಳವಿರುವುದು ಆ ಪಂಕ್ತಿಯಲ್ಲಿ ಎಲೆಯೇ ಇಲ್ಲದವರ ವಿಷಯದಲ್ಲಿ: ಅಕ್ಕ, ತಂಗಿ, ಸಾಕಿದ ಸೋದರತ್ತೆ, ಕೊನೆಯ ದಿನಗಳಲ್ಲಿ ಮಲಮೂತ್ರ ಬಾಚಿದ ಅಣ್ಣನ ಮಗಳು. 1952ರ ಪ್ರಾವಿಡೆಂಟ್ ಫಂಡ್ ಯೋಜನೆಯು ‘ಕುಟುಂಬ’ವೆಂಬುದಕ್ಕೆ ಒಂದು ಲಕ್ಷಣವನ್ನು ಬರೆದಿಟ್ಟಿತು. ಗಂಡಸಾದರೆ ಹೆಂಡತಿ, ಮಕ್ಕಳು, ಅವಲಂಬಿತರಾದ ತಂದೆತಾಯಿಗಳು, ತೀರಿಕೊಂಡ ಮಗನ ವಿಧವೆ ಮತ್ತು ಮಕ್ಕಳು. ಹೆಂಗಸಾದರೆ ಇವರಂತೆಯೇ ಗಂಡ, ಮಕ್ಕಳು, ತಂದೆತಾಯಿಗಳು, ಮೇಲೆ ಅವಲಂಬಿತರಾದ ಅತ್ತೆಮಾವಂದಿರು. ಒಡಹುಟ್ಟಿದವರು ಎರಡು ಪಟ್ಟಿಯಲ್ಲಿಯೂ ಇಲ್ಲ. ಕುಟುಂಬವುಳ್ಳ ಸದಸ್ಯನು ಕುಟುಂಬದ ಹೊರಗಿನವರನ್ನು ನಾಮಿನಿಯಾಗಿ ಬರೆದರೆ ಆ ಬರಹ ಊರ್ಜಿತವಲ್ಲ. ಹೆಂಡತಿಯೂ ಮಕ್ಕಳೂ ಇರುವ ಒಬ್ಬ ತಮ್ಮನು ತನ್ನನ್ನು ಓದಿಸಿದ ವಿಧವೆ ಅಕ್ಕನಿಗೆ ಈ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಬರೆಯಬೇಕೆಂದರೂ ಆ ಫಾರಂ ಅದನ್ನು ಒಪ್ಪದು.

ಅಕ್ಕತಂಗಿಯರನ್ನು ಹೀಗೆ ಮರೆಯುವುದು ಅನಿವಾರ್ಯವಾಗಿತ್ತೆಂದು ಯಾರೂ ಹೇಳಲಾರರು. ನಮ್ಮ ಹಳೆಯ ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಬಗೆಗೆ ಒಂದು ಕಾಯಿದೆ ಮಾಡಿತ್ತು. ಅದರ ಪ್ರಕಾರ ಅಣ್ಣತಮ್ಮಂದಿರು ಮನೆತನದ ಆಸ್ತಿಯನ್ನು ಹಂಚಿಕೊಳ್ಳುವಾಗ ತಾಯಿಗೂ ಮದುವೆಯಾಗದ ಅಕ್ಕತಂಗಿಯರಿಗೂ ಒಂದು ಭಾಗ ಸಲ್ಲಬೇಕಾಗಿತ್ತು. ಮಹಾರಾಜರ ಸರ್ಕಾರದ ಕಣ್ಣಿಗೆ ಬಿದ್ದ ಆ ಹೆಣ್ಣುಮಗಳು, ಹತ್ತೊಂಬತ್ತು ವರ್ಷಗಳ ಅನಂತರ ಸ್ವತಂತ್ರ ಭಾರತದ ಯೋಜನೆಯನ್ನು ಬರೆದವರ ಕಣ್ಣಿಗೆ ಬೀಳಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಕಾರ್ಖಾನೆಯ ಕೆಲಸಗಾರ, ಅವನ ಹೆಂಡತಿ, ಎರಡು ಮಕ್ಕಳು, ಊರಿನಲ್ಲಿರುವ ಮುದಿ ತಂದೆತಾಯಿಗಳು. ಚಿತ್ರವೇನೋ ಸುಳ್ಳಲ್ಲ, ಆದರೆ ಚೌಕಟ್ಟು ಚಿಕ್ಕದಾಯಿತು. ನಾಮಿನಿಯಿಲ್ಲದೆ ಸತ್ತವನ ಹಣವನ್ನು ಕುಟುಂಬದವರಿಗೆ ಸಮನಾಗಿ ಹಂಚಬೇಕೆಂದು ಹೇಳುವ ಆ ಯೋಜನೆಯು, ಬೇರೆ ಸದಸ್ಯರಿದ್ದರೆ ಪ್ರಾಯಕ್ಕೆ ಬಂದ ಗಂಡುಮಕ್ಕಳನ್ನೂ, ಗಂಡ ಬದುಕಿರುವ ಹೆಣ್ಣುಮಕ್ಕಳನ್ನೂ ಹಂಚಿಕೆಯಿಂದ ಹೊರಗಿಟ್ಟಿತ್ತು. 1956ರ ಕಾಯಿದೆಯಲ್ಲಾದರೆ ಅವರಿಬ್ಬರೂ ಮೊದಲನೆಯ ವರ್ಗದ ವಾರಸುದಾರರು. ಒಂದೇ ಮನೆಯ ಮಗಳು ಒಂದು ಕಾನೂನಿಗೆ ಮಗಳು, ಇನ್ನೊಂದು ಕಾನೂನಿಗೆ ಪರರ ಮನೆಯವಳು.

ನನಗೆ ಬಹುಕಾಲದಿಂದ ಪರಿಚಿತರಾಗಿದ್ದ ಒಬ್ಬರು ಒಂದು ಖಾಸಗಿ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಒತ್ತಕ್ಷರ ತಪ್ಪಿದರೆ ರಾತ್ರಿ ನಿದ್ದೆ ಬಾರದ ಮನುಷ್ಯ. ಮದುವೆಯಾಗಲಿಲ್ಲ. ಇಪ್ಪತ್ತಾರರಲ್ಲಿಯೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದ ಅಕ್ಕನೊಬ್ಬಳು ಅವರಿಗೂ, ಹಾಸಿಗೆ ಹಿಡಿದಿದ್ದ ತಾಯಿಗೂ ಬೇಯಿಸಿ ಹಾಕಿಕೊಂಡಿದ್ದಳು. ಇಬ್ಬರು ತಮ್ಮಂದಿರು ಬೇರೆ ಬೇರೆ ಊರುಗಳಲ್ಲಿ ಅನುಕೂಲವಾಗಿದ್ದರು. ಕರಡಿನವರು ನಾಮಿನಿಯಾಗಿ ತಾಯಿಯನ್ನು ಬರೆದಿದ್ದರು; ತಾಯಿ ತೀರಿಕೊಂಡಳು; ಫಾರಂ ಹಾಗೆಯೇ ಉಳಿಯಿತು. ಐವತ್ತೈದರಲ್ಲಿ ಅವರೂ ಹೃದಯಾಘಾತದಿಂದ ಹೋದರು. ಊರವರ ತಪ್ಪುಗಳನ್ನೆಲ್ಲ ಕೆಂಪು ಮಸಿಯಲ್ಲಿ ತಿದ್ದಿದವರು ತಮ್ಮದೊಂದು ಹಾಳೆಯನ್ನು ತಿದ್ದಿರಲಿಲ್ಲ.

ನಾಮಿನಿಯೂ ಇಲ್ಲ, ಯೋಜನೆಯ ಅರ್ಥದ ಕುಟುಂಬವೂ ಇಲ್ಲವಾದುದರಿಂದ ಹಣವು ವಾರಸುದಾರರನ್ನು ಹುಡುಕಿಕೊಂಡು 1956ರ ಕಾಯಿದೆಗೆ ಹೋಯಿತು. ಅಲ್ಲಿ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಎರಡನೆಯ ವರ್ಗದ ಒಂದೇ ಸಾಲಿನವರು, ಎಲ್ಲರಿಗೂ ಸಮಪಾಲು. ಸಿವಿಲ್ ನ್ಯಾಯಾಲಯದಿಂದ ವಾರಸಾ ಪ್ರಮಾಣಪತ್ರ ತರುವುದರಲ್ಲಿ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಅಕ್ಕನಿಗೆ ಬಂದದ್ದು ಮೂರರಲ್ಲೊಂದು ಭಾಗ. ತಮ್ಮಂದಿರಲ್ಲಿ ಒಬ್ಬನು ತನ್ನ ಪಾಲನ್ನು ಅವಳಿಗೇ ಬಿಟ್ಟುಕೊಟ್ಟ. ಇನ್ನೊಬ್ಬನು ಕೊಡಲಿಲ್ಲ; ಅವನನ್ನು ದೂರುವುದಕ್ಕೂ ಕಾರಣವಿಲ್ಲ, ಕಾನೂನು ಕೊಟ್ಟದ್ದನ್ನು ಅವನು ತೆಗೆದುಕೊಂಡ.

ಆ ಮುದುಕಿ ನನ್ನನ್ನು ಕೇಳಿದಳು: “ಅಲ್ಲಪ್ಪ, ಅವನಿಗೆ ಮೂವತ್ತು ವರ್ಷ ಅನ್ನ ಹಾಕಿದವಳು ನಾನು. ನನ್ನ ಹೆಸರು ಬರೆಯೋದಕ್ಕೆ ಆ ಫಾರಂನಲ್ಲಿ ಜಾಗವೇ ಇರಲಿಲ್ಲವೇ?”

ಇತ್ತು. ಅದೇ ದುಃಖದ ಮಾತು. ತಾಯಿ ಹೋದ ಮೇಲೆ ಅವರಿಗೆ ಯೋಜನೆಯ ಅರ್ಥದಲ್ಲಿ ಕುಟುಂಬವಿರಲಿಲ್ಲವಾಗಿ, ಯಾರ ಹೆಸರನ್ನು ಬೇಕಾದರೂ ಬರೆಯಬಹುದಾಗಿತ್ತು. ಅಷ್ಟೇ ಅಲ್ಲ, 1995ರ ಪಿಂಚಣಿ ಯೋಜನೆಯಲ್ಲಿ ಕುಟುಂಬವಿಲ್ಲದ ಸದಸ್ಯನು ಒಬ್ಬರನ್ನು ನಿರ್ದೇಶಿಸಿದ್ದರೆ ಅವರಿಗೆ ತಿಂಗಳ ಪಿಂಚಣಿ ಬರುತ್ತದೆ. ಪಿಂಚಣಿಯು ಸತ್ತವನ ಆಸ್ತಿಯ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ತಮ್ಮಂದಿರು ಅದರಲ್ಲಿ ಪಾಲು ಕೇಳುವಂತಿರಲಿಲ್ಲ. ಗಂಟಿನ ಹಣದಲ್ಲಿ ಅಕ್ಕನಿಗೆ ಮೂರನೆಯ ಒಂದು ಭಾಗವಾದರೂ ಬಂದಿತು. ಅವಳ ಕೊನೆಯವರೆಗೂ ಸಲ್ಲಬಹುದಾಗಿದ್ದ ಮಾಸಾಶನವು ಬರೆಯದೆ ಬಿಟ್ಟ ಹೆಸರಿನೊಡನೆ ಇಲ್ಲವಾಯಿತು. ಇನ್ನು ಪ್ರಾವಿಡೆಂಟ್ ಫಂಡಿಗೆ ಅವಳ ಹೆಸರನ್ನು ಬರೆದಿದ್ದರೂ, ಕೋರ್ಟುಗಳ ತೀರ್ಪಿನಂತೆ ನೋಡಿದರೆ, ಅವಳು ಹಣವನ್ನು ಬೇಗ ಪಡೆಯುತ್ತಿದ್ದಳು, ಆದರೆ ಕೊಡದಿದ್ದ ಆ ತಮ್ಮನು ಅನಂತರ ದಾವೆ ಹೂಡಬಹುದಾಗಿತ್ತು. ಆ ದಾವೆಗೆ ಉತ್ತರವು ನಾಮಿನಿಯ ಫಾರಂನಲ್ಲಿಲ್ಲ, ಉಯಿಲಿನಲ್ಲಿದೆ.

ಹೆಂಗಸರ ಸ್ಥಿತಿ ಇದಕ್ಕಿಂತಲೂ ಇಕ್ಕಟ್ಟಿನದು. ಉತ್ತರಾಧಿಕಾರ ಕಾಯಿದೆಯ 15ನೆಯ ಪ್ರಕರಣದಂತೆ, ಉಯಿಲು ಬರೆಯದೆ ಸತ್ತ ಹಿಂದೂ ಹೆಂಗಸಿನ ಸ್ವತ್ತು ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಅವರು ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ಅವಳ ತಂದೆತಾಯಿಗಳಿಗೆ. ತಂದೆತಾಯಿಗಳಿಂದ ಬಂದ ಆಸ್ತಿಯಾದರೆ ಮಕ್ಕಳಿಲ್ಲದವಳ ಪಾಲಿಗೆ ಅದು ತಂದೆಯ ಕಡೆಗೆ ಹಿಂದಿರುಗುವುದೆಂಬ ವಿನಾಯಿತಿಯುಂಟು. ಅವಳೇ ದುಡಿದು ಗಳಿಸಿದ್ದಕ್ಕೆ ಆ ವಿನಾಯಿತಿಯಿಲ್ಲ.

ಇದರ ಫಲವೇನೆಂಬುದನ್ನು 2009ರ ಇನ್ನೊಂದು ತೀರ್ಪಿನಲ್ಲಿ ನೋಡಬಹುದು. 1955ರಲ್ಲಿ ಮದುವೆಯಾದ ಒಬ್ಬಳು ಮೂರು ತಿಂಗಳೊಳಗೆ ವಿಧವೆಯಾದಳು. ಗಂಡನ ಮನೆಯವರು ಅವಳನ್ನು ಹೊರಗಟ್ಟಿದರು. ತೌರಿನವರು ಓದಿಸಿದರು, ಕೆಲಸ ಸಿಕ್ಕಿತು, ನಾಲ್ಕು ಕಾಸು ಕೂಡಿತು. 1996ರಲ್ಲಿ ಅವಳು ಉಯಿಲಿಲ್ಲದೆ ಸತ್ತಾಗ ಬ್ಯಾಂಕುಗಳಲ್ಲಿ ದೊಡ್ಡ ಮೊತ್ತವೂ ಪ್ರಾವಿಡೆಂಟ್ ಫಂಡಿನ ಹಣವೂ ಇದ್ದವು. ಅವಳನ್ನು ಹೆತ್ತು, ಎರಡನೆಯ ಸಲ ಬೆಳೆಸಿದ ತಾಯಿ ಹಣಕ್ಕೆ ಅರ್ಜಿ ಹಾಕಿದಳು. ಗಂಡನ ಮನೆಯ ಕಡೆಯವರೂ ಹಾಕಿದರು. ಸುಪ್ರೀಂ ಕೋರ್ಟು, ಮರುಕವೊಂದರಿಂದಲೇ ಹಕ್ಕನ್ನು ನಿರ್ಣಯಿಸಲಾಗದೆಂಬ ಅಭಿಪ್ರಾಯವನ್ನು ಕೊಟ್ಟು, ಹಣವನ್ನು ಗಂಡನ ಕಡೆಯವರಿಗೆ ಕೊಡಿಸಿತು. ಈ ತೀರ್ಪನ್ನು ಓದಿದ ದಿನ ನನಗೆ ಊಟ ಸೇರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ನ್ಯಾಯಾಧೀಶರು ಕಾಯಿದೆಯಲ್ಲಿ ಬರೆದದ್ದನ್ನು ಓದಿದರು. ಕಾಯಿದೆಯನ್ನು ಬರೆದವರು 1956ರಲ್ಲಿ ಹೆಣ್ಣು ಸಂಬಳ ತರುವಳೆಂದು, ಆ ಸಂಬಳದಲ್ಲಿ ತಿಂಗಳಿಗಿಷ್ಟು ಮುಪ್ಪಿಗೆ ಕೂಡಿಸುವಳೆಂದು ಊಹಿಸಿರಲಿಲ್ಲ. ಈ ಪ್ರಕರಣದ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಯೊಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಪೀಠವು ಆ ಪ್ರಶ್ನೆಯನ್ನು ನಿರ್ಣಯಿಸದೆ, ಹೆಂಗಸರು, ಅದರಲ್ಲೂ ಹಿಂದೂ ಹೆಂಗಸರು, ಉಯಿಲು ಬರೆದಿಡಬೇಕೆಂದು ವಿನಂತಿಸಿಕೊಂಡಿತು. ರೋಗವನ್ನು ಗುರುತಿಸಿದ ವೈದ್ಯನು ಔಷಧವನ್ನು ನೀವೇ ಅರೆದುಕೊಳ್ಳಿರಿ ಎಂದಂತಾಯಿತಾದರೂ, ಸದ್ಯಕ್ಕೆ ಇರುವ ಔಷಧವು ಅದೊಂದೇ.

ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಅಮೆರಿಕದಲ್ಲಿ ದುಡಿಯುತ್ತಿದ್ದಾರಾದ್ದರಿಂದ ಅಲ್ಲಿಯ ಪದ್ಧತಿಯನ್ನೂ ಒಂದಿಷ್ಟು ಹೇಳಬೇಕು. ಅಲ್ಲಿ ನಿಯಮವು ತಲೆಕೆಳಗು. ನಿವೃತ್ತಿಯ ಖಾತೆಯಲ್ಲಿ ಯಾರ ಹೆಸರಿದೆಯೋ ಹಣವು ಅವರದೇ ಸ್ವತ್ತು. ಅವರು ಬರಿಯ ಕೈಯಲ್ಲ. ಉದ್ಯೋಗದಾತರ ಮೂಲಕ ಕೂಡಿಸಿದ ಖಾತೆಯಾದರೆ ಹೆಂಡತಿ ಅಥವಾ ಗಂಡನ ಲಿಖಿತ ಒಪ್ಪಿಗೆಯಿಲ್ಲದೆ ಬೇರೆಯವರ ಹೆಸರನ್ನು ಬರೆಯಲು ಸಾಮಾನ್ಯವಾಗಿ ಬಾರದು. ಇಷ್ಟು ಕಾವಲಿದ್ದರೂ ಕಾಗದವನ್ನು ಮರೆತವರನ್ನು ಅಲ್ಲಿಯ ಕಾನೂನೂ ಕಾಪಾಡುವುದಿಲ್ಲ. ಡ್ಯುಪಾಂಟ್ ಕಂಪೆನಿಯ ನೌಕರನೊಬ್ಬನು 1994ರಲ್ಲಿ ವಿವಾಹ ವಿಚ್ಛೇದನ ಪಡೆದವನು, ಉಳಿತಾಯದ ಖಾತೆಯಲ್ಲಿದ್ದ ಹಳೆಯ ಹೆಂಡತಿಯ ಹೆಸರನ್ನು ತೆಗೆಸಿರಲಿಲ್ಲ. ಅವಳು ಆ ಹಣದ ಹಕ್ಕನ್ನು ವಿಚ್ಛೇದನದ ಪತ್ರದಲ್ಲಿ ಬಿಟ್ಟುಕೊಟ್ಟಿದ್ದರೂ, ಅವನು 2001ರಲ್ಲಿ ಸತ್ತಾಗ ಸುಮಾರು ನಾಲ್ಕು ಲಕ್ಷ ಡಾಲರುಗಳು ಅವಳಿಗೇ ಹೋದವು. ಮಗಳು ಹೋರಾಡಿದಳು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ನಮ್ಮ ಎರಡು ತೀರ್ಪುಗಳು ಬಂದ ಅದೇ 2009ರಲ್ಲಿ, ಖಾತೆಯ ಕಾಗದವೇ ಪ್ರಮಾಣವೆಂದು ಹೇಳಿ ಮಗಳನ್ನು ಬರಿಗೈಯಲ್ಲಿ ಕಳಿಸಿತು. ನಮ್ಮಲ್ಲಿ ಹೆಸರಿದ್ದೂ ಹಣ ಪೂರ್ತಿ ದಕ್ಕದು. ಅಲ್ಲಿ ಹೆಸರಿಲ್ಲದೆ ಹೆತ್ತ ಮಗಳಿಗೂ ದಕ್ಕದು.

ಅಲ್ಲಿಯ ಈ ಖಾತೆಗಳಲ್ಲಿ ಹೆಚ್ಚಿನವಕ್ಕೆ ತೆರಿಗೆಯು ಹಣ ಹಾಕುವಾಗ ಇಲ್ಲ, ತೆಗೆಯುವಾಗ ಉಂಟು. ಗಂಡ ಅಥವಾ ಹೆಂಡತಿಯಾದರೆ ಸತ್ತವರ ಖಾತೆಯನ್ನು ತಮ್ಮದರೊಡನೆ ಕೂಡಿಸಿಕೊಳ್ಳಬಹುದು. ಮಿಕ್ಕವರಿಗೆ ಆ ಸೌಲಭ್ಯವಿಲ್ಲ. ಹಿಂದೆ ಇಂಥವರು ಹಣವನ್ನು ತಮ್ಮ ಆಯುಷ್ಯದ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ, ತೆರಿಗೆಯನ್ನೂ ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದಾಗಿತ್ತು. 2019ರಲ್ಲಿ ಆದ ಕಾಯಿದೆಯು, 2020ರ ಜನವರಿ 1ರಿಂದ ಈಚೆಗೆ ತೀರಿಕೊಂಡವರ ಖಾತೆಗಳ ಮಟ್ಟಿಗೆ, ಹತ್ತನೆಯ ವರ್ಷದ ಕೊನೆಯೊಳಗಾಗಿ ಎಲ್ಲವನ್ನೂ ತೆಗೆದುಬಿಡಬೇಕೆಂದು ವಿಧಿಸಿತು. ಅಂಗವಿಕಲರಿಗೂ, ದೀರ್ಘರೋಗಿಗಳಿಗೂ, ಸತ್ತವರ ಅಪ್ರಾಪ್ತ ಮಕ್ಕಳಿಗೂ ರಿಯಾಯಿತಿಯುಂಟು. ಸತ್ತವರಿಗಿಂತ ಹತ್ತು ವರ್ಷಕ್ಕೂ ಹೆಚ್ಚಾಗಿ ಕಿರಿಯರಲ್ಲದವರಿಗೂ ಉಂಟು. ಮೈಸೂರಿನ ತಾಯಿ ಮಗನಿಗಿಂತ ಹಿರಿಯಳಾದ್ದರಿಂದ ಈ ರಿಯಾಯಿತಿಗೆ ಸೇರುತ್ತಾಳೆ, ಅಕ್ಕನೂ ಸೇರುತ್ತಾಳೆ. ಅಣ್ಣನ ಮಗನಿಗೆ ಹತ್ತು ವರ್ಷದ ಗಡುವು. ಮಗನು ಪರದೇಶದಲ್ಲಿ ಅಕಾಲದಲ್ಲಿ ಹೋದಾಗ ಇವನ್ನೆಲ್ಲ ವಿಚಾರಿಸುವ ಸ್ಥಿತಿಯಲ್ಲಿ ಯಾವ ತಾಯಿಯೂ ಇರಲಾರಳು. ಮಗನು ಇರುವಾಗಲೇ ಹೇಳಿಡಬೇಕಾದ ಮಾತು ಇದು.

ನಮ್ಮ ದೇಶದಲ್ಲಿಯೂ ಎಲ್ಲ ಬಗೆಯ ಹಣಕ್ಕೆ ಒಂದೇ ನಿಯಮವಿದ್ದಿದ್ದರೆ ಜನಕ್ಕೆ ತಿಳಿಯುವುದು ಸುಲಭವಾಗುತ್ತಿತ್ತು. ಜೀವವಿಮೆಯಲ್ಲಿ 2015ರ ತಿದ್ದುಪಡಿಯಾದ ಮೇಲೆ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣವು ಅವರದೇ ಆಗುತ್ತದೆ. ಒಡಹುಟ್ಟಿದವರಿಗೆ ಅಲ್ಲಿಯೂ ಆ ಭಾಗ್ಯವಿಲ್ಲ. ಕಂಪೆನಿಯ ಷೇರುಗಳಲ್ಲಿ ನಾಮಿನಿ ಒಡೆಯನಲ್ಲವೆಂದು 2023ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಬ್ಯಾಂಕಿನಲ್ಲಿ ನಾಲ್ಕು ಹೆಸರು ಬರೆದರೆ ನಾಲ್ಕು ಕೈಗಳಾದವೇ ಹೊರತು ನಾಲ್ಕು ಹಕ್ಕುಗಳಾಗಲಿಲ್ಲ. ಸಾಧಾರಣ ಗೃಹಸ್ಥನು ಒಂದೇ ಮಧ್ಯಾಹ್ನ ನಾಲ್ಕು ಕಚೇರಿಗಳಲ್ಲಿ ‘ನಾಮಿನಿ’ ಎಂಬ ಒಂದೇ ಮಾತನ್ನು ಬರೆದು ಎರಡು ಮೂರು ಬೇರೆ ಬೇರೆ ಅರ್ಥಗಳಿಗೆ ಸಹಿ ಹಾಕಿ ಬರುತ್ತಾನೆ.

ಉಯಿಲಿನ ಮಾತೆತ್ತಿದರೆ ನಮ್ಮವರು ಹೆದರುತ್ತಾರೆ. ಅದಕ್ಕೆ ನಾವು ಇಟ್ಟಿರುವ ಹೆಸರುಗಳೂ ಕಾರಣವಾಗಿರಬಹುದು. ಧಾರವಾಡದ ಕಡೆ ಅದು ‘ಮೃತ್ಯುಪತ್ರ’, ಗ್ರಂಥಸ್ಥ ಭಾಷೆಯಲ್ಲಿ ‘ಮರಣಶಾಸನ’. ಪ್ರಾವಿಡೆಂಟ್ ಫಂಡನ್ನು ‘ಭವಿಷ್ಯನಿಧಿ’ ಎಂದು ಕರೆದು ಭವಿಷ್ಯದಲ್ಲಿ ಸಾವೂ ಸೇರಿದೆಯೆಂಬುದನ್ನು ಮರೆಸಿದವರು, ಉಯಿಲಿನ ಮೇಲೆ ಮಾತ್ರ ಮೃತ್ಯುವಿನ ಮುದ್ರೆಯನ್ನೊತ್ತಿದರು. ಪತ್ರವಾದರೋ ಬಹಳ ಸರಳವಾದದ್ದು. ಛಾಪಾಕಾಗದ ಬೇಡ, ಬಿಳಿಯ ಹಾಳೆ ಸಾಕು. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಮಾಡಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ಪ್ರಾವಿಡೆಂಟ್ ಫಂಡಿನ ಹಣವು ಪಿತ್ರಾರ್ಜಿತವಲ್ಲ, ದುಡಿದು ಗಳಿಸಿದ ಸ್ವಾರ್ಜಿತ. ಕರಡು ತಿದ್ದುತ್ತಿದ್ದ ಆ ಮಿತ್ರರಂಥವರು ಅದನ್ನು ಅಕ್ಕನಿಗೆ ಪೂರ್ತಿಯಾಗಿ ಬರೆದಿಡಲು ಮಿತಾಕ್ಷರದ ಯಾವ ಅಡ್ಡಿಯೂ ಇರಲಿಲ್ಲ.

ವ್ಯಕ್ತಿಗಳು ಮಾಡಿಕೊಳ್ಳಬೇಕಾದದ್ದು ಇಷ್ಟು. ಸರ್ಕಾರವು ಮಾಡಬೇಕಾದದ್ದೂ ಉಂಟು, ಅದಕ್ಕೆ ಇದೇ ಸಮಯ. ಹೊಸ ಸಂಹಿತೆಯ ಕೆಳಗೆ ಯೋಜನೆಗಳನ್ನೂ ನಮೂನೆಗಳನ್ನೂ ಹೊಸದಾಗಿ ರೂಪಿಸುವ ಕೆಲಸವಿದೆ. 1952ರ ಕುಟುಂಬದ ಲಕ್ಷಣವನ್ನು ಕಣ್ಣುಮುಚ್ಚಿ ನಕಲು ಮಾಡದೆ, ಸದಸ್ಯನ ದುಡಿಮೆಯನ್ನೇ ನಂಬಿ ಬಾಳಿದ ಅಕ್ಕತಂಗಿಯರಿಗೆ ಅಲ್ಲಿ ಒಂದು ಸ್ಥಾನ ಕೊಡಬೇಕು. ಗಂಡ ಬದುಕಿದ್ದಾನೆಂಬ ಕಾರಣದಿಂದ ಮಗಳನ್ನು ಹೊರಗಿಡುವ ಹಳೆಯ ಮಾತನ್ನು ಕೈಬಿಡಬೇಕು. ನಮೂನೆಯ ಕನ್ನಡವನ್ನು ಕನ್ನಡ ಬಲ್ಲವರಿಂದ ಬರೆಸಬೇಕು. ‘ನಾಮನಿರ್ದೇಶಿತ ವ್ಯಕ್ತಿ’ ಎಂಬ ಒಂದೇ ಕಾಲಂ ಇರುವಲ್ಲಿ ಎರಡಿರಲಿ: ‘ಹಣವನ್ನು ಪಡೆದುಕೊಳ್ಳತಕ್ಕವರು’ ಎಂದೊಂದು, ‘ಈ ಹಣಕ್ಕೆ ಉಯಿಲು ಬರೆದಿದ್ದೀರಾ?’ ಎಂದು ಇನ್ನೊಂದು. ಎರಡನೆಯದರಲ್ಲಿ ‘ಇಲ್ಲ’ ಎಂದು ಬರೆದವರಿಗೆ, ಇಲ್ಲದಿದ್ದರೆ ಈ ಹಣವು ಯಾರು ಯಾರಿಗೆ ಎಷ್ಟೆಷ್ಟು ಹೋಗುವುದೆಂಬುದನ್ನು ಅದೇ ಹಾಳೆಯ ಹಿಂಬದಿಯಲ್ಲಿ ಅಚ್ಚು ಹಾಕಿ ತೋರಿಸಲಿ. ಮದುವೆಯಾದಾಗ, ನಾಮಿನಿ ತೀರಿಕೊಂಡಾಗ ಹೊಸ ಹಾಳೆ ಬರೆಯಬೇಕೆಂಬುದನ್ನೂ ದಪ್ಪಕ್ಷರದಲ್ಲಿ ಸೇರಿಸಲಿ.